ಹಡಗಲಿ ಕಡೆಯ ಆರ್ಡರ್

ಹಗರಿಬೊಮ್ಮನಹಳ್ಳಿ ಓದುಗರ ಬಳಗದ ಈ ವಾರ್ಷಿಕೋತ್ಸವದ ಅಧ್ಯಕ್ಷರೂ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಹೊನ್ನೂರಸ್ವಾಮಿ ಅವರೇ, ಸನ್ಮಾನ ಪತ್ರವನ್ನು ಅಷ್ಟು ಸ್ಪಷ್ಟವಾಗಿ ಓದಿದ ಕಾರ್ಯದರ್ಶಿ ಸಂಗೀತಾ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳಿಂದ ಈ ಬಿಸಿಲಿನಲ್ಲಿ ಬಸ್ಸು ಹತ್ತಿ ಬಂದಿರುವ ಸಭಿಕರೇ, ಕೊಟ್ಟೂರಿನಿಂದ ನನ್ನನ್ನು ಕರೆದುಕೊಂಡು ಬಂದು ಈಗ ಕೊನೆಯ ಸಾಲಿನಲ್ಲಿ ತಲೆ ಬಗ್ಗಿಸಿ ಕುಳಿತಿರುವ ನನ್ನ ಮೈದುನ ಗವಿಸಿದ್ದೇಶನೇ,

ನಿಮಗೆಲ್ಲ ದಾಕ್ಷಾಯಣಮ್ಮನ ವಂದನೆಗಳು.

‘ನನ್ನ ಬರವಣಿಗೆ ಮತ್ತು ನಾನು’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಹೇಳಿದ್ದರು. ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೇನೆ. ಆದರೆ ಸನ್ಮಾನ ಪತ್ರದ ಒಂದು ಸಾಲು ಕೇಳಿದ ಮೇಲೆ ನನ್ನ ಹಾಳೆಗಳು ಹಿಂದುಮುಂದಾಗಿವೆ. ಆ ಸಾಲಿನ ಬಗ್ಗೆ ಕೊನೆಗೆ ಒಂದು ವಿನಂತಿ ಇದೆ. ಮೊದಲು ಕೊಟ್ಟ ವಿಷಯ ಮುಗಿಸುತ್ತೇನೆ.

ನಾನು ಓದಿದ್ದು ಹತ್ತನೇ ತರಗತಿ. ಬರೆದಿರುವುದು ಏಳು ಪತ್ತೇದಾರಿ ಕಾದಂಬರಿ. ಪತ್ತೇದಾರಿ ಎಂದರೆ ಕೊಲೆ, ಪಿಸ್ತೂಲು, ಕಪ್ಪು ಕಾರು ಎಂದುಕೊಂಡವರಿಗೆ ನನ್ನ ಪುಸ್ತಕ ನಿರಾಸೆ ಮಾಡುತ್ತದೆ. ನನ್ನ ಪುಸ್ತಕಗಳಲ್ಲಿ ಯಾರೂ ಸಾಯುವುದಿಲ್ಲ. ಒಂದು ಮೂಗುತಿ ಕಾಣೆಯಾಗುತ್ತದೆ, ಒಂದು ಮದುವೆಯ ಪತ್ರ ಬೇರೆ ಮನೆಗೆ ಹೋಗುತ್ತದೆ, ಒಮ್ಮೆಯಂತೂ ಒಂದು ಒರಳುಕಲ್ಲೇ ಕಾಣೆಯಾಗಿತ್ತು. ಪತ್ತೆ ಹಚ್ಚುವವಳು ಹೊಸಹಳ್ಳಿಯ ಗಾದೆಮ್ಮ, ಮನೆಮನೆಗೆ ಮೊಸರು ಮಾರುವವಳು. ಮೊಸರು ಮಾರುವವಳನ್ನೇ ಯಾಕೆ ಆರಿಸಿದಿರಿ ಎಂದು ಕೇಳುತ್ತಾರೆ. ಪೊಲೀಸರು ಮನೆಗೆ ಮುಂದಿನ ಬಾಗಿಲಿನಿಂದ ಬರುತ್ತಾರೆ, ಮೊಸರಿನವಳು ಹಿತ್ತಲಿನಿಂದ ಬರುತ್ತಾಳೆ. ದಿನಾ ಅರ್ಧ ಸೇರು ತೆಗೆದುಕೊಳ್ಳುವ ಮನೆಯವರು ಇವತ್ತು ಒಂದು ಸೇರು ಕೇಳಿದರೆ ಒಳಗೆ ಯಾರೋ ಬಂದಿದ್ದಾರೆಂದು ಅವಳಿಗೆ ತಿಳಿಯುತ್ತದೆ. ಬೇಡವೇ ಬೇಡ ಎಂದರೆ ಒಳಗೆ ಯಾರೋ ಉಣ್ಣುತ್ತಿಲ್ಲವೆಂದೂ ತಿಳಿಯುತ್ತದೆ.

ಇದನ್ನು ಬರೆದವಳು ನಾನೇ. ಇದು ನೆನಪಿರಲಿ.

ಇನ್ನು ನಾನು ಬರೆಯುವ ಕ್ರಮ. ನಮ್ಮದು ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ. ನನ್ನ ಯಜಮಾನರು ಉಜ್ಜಿನಪ್ಪನವರು. ಪಾತ್ರೆ ಮಾರುವವರು ಹತ್ತು ಮಂದಿ ಇದ್ದಾರೆ, ಆದರೆ ಪಾತ್ರೆಯ ಮೇಲೆ ಇವರ ಹಾಗೆ ಹೆಸರು ಹಾಕುವವರು ಸುತ್ತಿನಲ್ಲಿ ಇರಲಿಲ್ಲ. ಮದುವೆಯ ಕೊಡ, ಸೀಮಂತದ ತಟ್ಟೆ, ತೀರಿಕೊಂಡವರ ಸ್ಮರಣಾರ್ಥ ಹಂಚುವ ಬಟ್ಟಲು, ಎಲ್ಲದರ ಮೇಲೂ ಇವರ ಅಕ್ಷರ. ಮಧ್ಯಾಹ್ನ ಎರಡರ ಮೇಲೆ ಗಿರಾಕಿ ಇರುವುದಿಲ್ಲ. ಆಗ ನಾನು ಬೆಳಿಗ್ಗೆ ಬರೆದ ಅಧ್ಯಾಯ ತೆಗೆದುಕೊಂಡು ಹೋಗಿ ದುಡ್ಡಿನ ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಜೋರಾಗಿ ಓದುತ್ತಿದ್ದೆ. ಇವರು ಹೆಸರು ಹಾಕುವ ಮಷೀನು ಹಿಡಿದು ಗರ್ ಗರ್ ಎನ್ನಿಸುತ್ತ ಕೇಳುತ್ತಿದ್ದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅವರು ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ಅಧ್ಯಾಯ ಚೆನ್ನಾಗಿದ್ದರೆ ಯಾವುದೋ ಒಂದು ಸಾಲಿಗೆ ಮಷೀನು ತಾನಾಗಿಯೇ ನಿಲ್ಲುತ್ತಿತ್ತು. ನಿಲ್ಲದಿದ್ದರೆ ನಾನು ಮನೆಗೆ ಹೋಗಿ ಹರಿದು ಮತ್ತೆ ಬರೆಯುತ್ತಿದ್ದೆ. ಆರು ಪುಸ್ತಕ ಹೀಗೇ ಬರೆದೆ. ದೊಡ್ಡ ಲೇಖಕರಿಗೆ ವಿಮರ್ಶಕರು ಇರುತ್ತಾರಂತೆ. ನನಗೆ ಇದ್ದದ್ದು ಆ ಮಷೀನು.

ಹೆಸರುಗಳನ್ನೂ ಅವರೇ ಕೊಡುತ್ತಿದ್ದರು. ಅದಕ್ಕೂ ಒಂದು ಕಾರಣವಿದೆ. ಮೊದಲ ಪುಸ್ತಕದಲ್ಲಿ ಮೂಗುತಿ ಕದ್ದವನಿಗೆ ನಾನು ಹುಲುಗಪ್ಪ ಎಂದು ಹೆಸರಿಟ್ಟು ಊರನ್ನು ಮಾಗಳ ಎಂದು ಬರೆದುಬಿಟ್ಟಿದ್ದೆ. ಒಂದು ದಿನ ಮಾಗಳದ ನಿಜವಾದ ಹುಲುಗಪ್ಪ ಅಂಗಡಿಯ ಮುಂದೆ ಬಂದು ನಿಂತ.

“ಯಕ್ಕಾ, ನಾ ಯಾವಾಗ ಯಾರ ಮೂಗುತಿ ಕದ್ದೀನಿ ಹೇಳ್ರಿ? ನಮ್ಮ ಬೀಗರು ಓದ್ಯಾರ!”

ನಾನು ಸ್ಟೂಲಿನಿಂದ ಎದ್ದು ನಿಂತೆ. ಇವರು ಒಂದು ಚೊಂಬು ಒರೆಸುತ್ತ, “ಆತ ಕಥಿಯೊಳಗಿನ ಹುಲುಗಪ್ಪ. ನೀ ಖರೇ ಹುಲುಗಪ್ಪ. ಕುಂದ್ರಪಾ, ಚಾ ಕುಡಿ” ಎಂದರು.

ಅವನು ಚಹಾ ಕುಡಿದ, ತಣ್ಣಗಾದ. ಹೋಗುವಾಗ ತಿರುಗಿ ಬಂದು, “ಅಲ್ರೀ, ಹೆಸರು ಹಾಕೀರಿ, ಊರು ಹಾಕೀರಿ. ಒಂದು ಫೋಟೋ ಹಾಕಾಕ ಏನಾಗಿತ್ತು?” ಎಂದ.

ಅವತ್ತಿನಿಂದ ಕಥೆಯಲ್ಲಿ ಬರುವವರ ಹೆಸರೆಲ್ಲ ಇವರೇ ನೋಡಿ ಕೊಡುತ್ತಿದ್ದರು. “ಈ ಹೆಸರು ನಾ ಯಾವ ಪಾತ್ರಿ ಮ್ಯಾಲೂ ಹಾಕಿಲ್ಲ, ತಗಾ” ಎನ್ನುತ್ತಿದ್ದರು. ಹಾಗಾಗಿ ಆಮೇಲಿನ ಐದು ಪುಸ್ತಕದ ಕಳ್ಳರು ಈ ಐದು ತಾಲೂಕಿನಲ್ಲಿ ಎಲ್ಲೂ ಇಲ್ಲದವರು.

ನನ್ನ ಇನ್ನೊಂದು ಅಭ್ಯಾಸ ಹೇಳಬೇಕು. ಕಳ್ಳ ಯಾರೆಂದು ನಾನು ಕೊನೆಯ ಅಧ್ಯಾಯದವರೆಗೆ ತೀರ್ಮಾನ ಮಾಡುವುದಿಲ್ಲ. ಒಮ್ಮೆ ಇವರು, “ಲೇ, ಮೊದ್ಲ ಕೊನಿ ಗೊತ್ತು ಮಾಡ್ಕಂಡು ಬರದ್ರ ಸಸಾರ ಅಲ್ಲನು?” ಎಂದು ಕೇಳಿದ್ದರು.

“ಕೊನಿ ಗೊತ್ತಾತು ಅಂದ್ರ ನನಗ ನಡುವಿಂದು ಬರಿಯಾಕ ಕೈನ ಬರಂಗಿಲ್ರಿ” ಎಂದಿದ್ದೆ.

ಅಷ್ಟೇ ಮಾತು. ಯಾವಾಗಲೋ ಆಡಿದ್ದು. ನಾನು ಮರೆತಿದ್ದೆ.

ಈಗ ಏಳನೆಯ ಪುಸ್ತಕ, ‘ಬೀಗ ಹಾಕಿದ ಅಡುಗೆಮನೆ’. ಇವತ್ತು ಶಾಲು ಹೊದಿಸಿರುವುದು ಇದಕ್ಕೆ. ಇದನ್ನು ಓದಲು ಶುರು ಮಾಡಿದ್ದು ಹೋದ ವರ್ಷದ ಹಿಂದಿನ ವರ್ಷ, ಯುಗಾದಿ ಆದ ಮೇಲೆ. ಮೊದಲಿನ ಅಧ್ಯಾಯಗಳಿಗೆ ಮಷೀನು ನಿಂತಿತು. ಶ್ರಾವಣದಿಂದ ನಿಲ್ಲಲಿಲ್ಲ. ಎಂಥ ಸಾಲು ಓದಿದರೂ ನಿಲ್ಲಲಿಲ್ಲ. ಹನ್ನೊಂದನೆಯ ಅಧ್ಯಾಯ, ಗಾದೆಮ್ಮ ಬೀಗದ ಕೈ ಉಪ್ಪಿನ ಗಡಿಗೆಯಲ್ಲಿ ಕಂಡುಹಿಡಿಯುವುದು, ನನಗೆ ಬಹಳ ಇಷ್ಟವಾದದ್ದು. ಅದಕ್ಕೂ ಗರ್ ಗರ್.

“ಕೇಳಾಕತ್ತೀರೋ ಇಲ್ಲೋ?” ಎಂದೆ.

“ಕೇಳಾಕತ್ತೀನಿ. ಓದು ನೀ.”

“ಅದೇನು ಅಷ್ಟು ಅವಸರದ್ದು?”

“ಹಡಗಲಿ ಕಡೀದೊಂದು ಆರ್ಡರ್ ಐತಿ. ಬಟ್ಟಲ. ಬಾಳ ಅದಾವು.”

ಅಧ್ಯಾಯವೇ ಸರಿಯಿಲ್ಲ ಎಂದುಕೊಂಡೆ. ಹರಿದೆ. ಮತ್ತೆ ಬರೆದೆ, ಮತ್ತೆ ಓದಿದೆ, ಮಷೀನು ನಿಲ್ಲಲಿಲ್ಲ. ಹನ್ನೊಂದನೆಯ ಅಧ್ಯಾಯವನ್ನು ನಾಲ್ಕು ಸಲ ಬರೆದಿದ್ದೇನೆ ಸಭಿಕರೇ. ಶ್ರಾವಣ ಹೋಯಿತು, ದಸರಾ ಹೋಯಿತು, ಪುಸ್ತಕ ಹನ್ನೊಂದರಲ್ಲೇ ನಿಂತಿತ್ತು. ಒಂದು ದಿನ ಇವರು ತಾವಾಗಿಯೇ, “ಮುಗಿಸಬಾರದನು ಇದನ್ನ? ಎಷ್ಟು ತಿದ್ದೀ?” ಎಂದರು. ಅವರಿಗೆ ಬೇಸರ ಬಂದಿದೆ ಎಂದು ನನಗೆ ಸಿಟ್ಟು ಬಂತು. ಎರಡು ದಿನ ಅಂಗಡಿಗೆ ಹೋಗಲಿಲ್ಲ.

ಕಾರ್ತಿಕ ಮಾಸದಲ್ಲಿ ಅವರು ತೀರಿಕೊಂಡರು.

ಕ್ಷಮಿಸಿ, ನೀರು ಕುಡಿಯುತ್ತೇನೆ.

ಮೂರನೆಯ ದಿನ ಗವಿಸಿದ್ದೇಶ ಬಂದು, ಗಣಾರಾಧನೆಗೆ ಬಟ್ಟಲು ಹಂಚಬೇಕಲ್ಲ, ಹೆಸರು ಯಾರ ಕೈಲಿ ಹಾಕಿಸುವುದು ಎಂದು ಕೇಳಿದ. ಊರಿಗೆಲ್ಲ ಹೆಸರು ಹಾಕಿದವರ ಹೆಸರನ್ನು ಯಾರು ಹಾಕಬೇಕು? ಖಾಲಿ ಬಟ್ಟಲಾದರೂ ತೆಗೆದಿಡೋಣವೆಂದು ಇಬ್ಬರೂ ಅಂಗಡಿಯ ಅಟ್ಟ ಹತ್ತಿದೆವು. ಅಲ್ಲಿ ಎರಡು ಗೋಣಿಚೀಲ ಇದ್ದವು, ಬಾಯಿ ಕಟ್ಟಿ, ಮೇಲೆ ‘ಹಡಗಲಿ’ ಎಂದು ಬರೆದ ಚೀಟಿ. ಪಾಪ, ಆರ್ಡರ್ ಕೊಟ್ಟವರು ಕಾಯುತ್ತಿರಬೇಕು, ಹೆಸರು ನೋಡಿ ಕಳಿಸೋಣ ಎಂದು ನಾನೇ ಬಿಚ್ಚಿದೆ.

‘ಲಿಂಗೈಕ್ಯ ಉಜ್ಜಿನಪ್ಪನವರ ಸ್ಮರಣಾರ್ಥ. ಪಾತ್ರೆ ಅಂಗಡಿ, ಕೊಟ್ಟೂರು.’ ಕೆಳಗೆ ‘ತಾ’ ಎಂದು ಹಾಕಿ ಎರಡು ಚುಕ್ಕೆ. ಮುಂದೆ ಜಾಗ ಖಾಲಿ.

ಒಂದೊಂದೂ ಅವರದೇ ಅಕ್ಷರ. ಎಲ್ಲೂ ಕೈ ನಡುಗಿಲ್ಲ.

ನಾನು ಗವಿಸಿದ್ದೇಶನ ಮುಖ ನೋಡಿದೆ. ಅವನು ಗೋಡೆಗೆ ಒರಗಿ ಕುಳಿತುಬಿಟ್ಟ. ಅವನೇ ನಾಲ್ಕು ಸಲ ಅಣ್ಣನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದನಂತೆ. ಹೊಟ್ಟೆಯಲ್ಲಿ ಗಡ್ಡೆ, ತಡವಾಗಿದೆ ಎಂದು ಡಾಕ್ಟರು ಶ್ರಾವಣದಲ್ಲೇ ಹೇಳಿದ್ದರಂತೆ.

“ನನಗ್ಯಾಕ ಹೇಳಲಿಲ್ಲೋ?” ಎಂದೆ.

ಅವನು ಅಂದದ್ದು ಇದು: “ಅತ್ತಿಗಿ, ನಿಮಗ ಗೊತ್ತೈತಿ ಅಂತ ತಿಳಕಂಡಿದ್ದೆ. ಅಂಥಾ ಕಥಿ ಬರಿಯೋರು ನೀವು, ನಿಮ್ಮ ಕಣ್ಣು ತಪ್ಪಿಸಾಕ ಆಕ್ಕತೇನು ಅಂದ್ಕಂಡೆ. ಗೊತ್ತಿದ್ದೂ ಗಟ್ಟಿ ಅದಾರ, ನಾ ಯಾಕ ಬಾಯಿ ಬಿಡ್ಲಿ ಅಂದ್ಕಂಡೆ.”

ಅವನ ಮೇಲೆ ಸಿಟ್ಟು ಮಾಡಲೇ? ಅವನೊಬ್ಬನೇ ಅಲ್ಲ. ಓಣಿಯಲ್ಲಿ ಅರ್ಧ ಜನ ಹಾಗೆಯೇ ಅಂದುಕೊಂಡಿದ್ದರು. ಎದುರು ಮನೆಯ ಜಂಬಮ್ಮ ನನ್ನ ಕೈ ಹಿಡಿದು, “ಎಲ್ಲಾ ಗೊತ್ತಿದ್ದೂ ನಕ್ಕೋಂತ ಅಡ್ಡಾಡಿದಿಯವ್ವಾ, ನಿನ್ನ ಎದಿ ದೊಡ್ಡದು” ಎಂದು ಅತ್ತಳು. ನನಗೆ ಏನೂ ಗೊತ್ತಿರಲಿಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ. ನಾಚಿಕೆಯಾಯಿತು.

ನಾನು ದಿನಚರಿ ಬರೆಯುವವಳು. ಹದಿನೇಳನೆಯ ವಯಸ್ಸಿನಿಂದ ಒಂದು ದಿನವೂ ಬಿಟ್ಟಿಲ್ಲ. ಎಲ್ಲ ಮುಗಿದ ಮೇಲೆ ಆ ವರ್ಷದ ದಿನಚರಿ ತೆಗೆದು ನೋಡಿದೆ. ಮೂರು ಸಾಲು ಓದುತ್ತೇನೆ, ಇದೇ ಹಾಳೆಯಲ್ಲಿ ಬರೆದುಕೊಂಡಿದ್ದೇನೆ.

‘ಮಂಡಕ್ಕಿ ಜೊತೆ ತಂದ ಎರಡು ಮಿರ್ಚಿಯಲ್ಲಿ ಇವರು ಒಂದನ್ನು ಬಿಟ್ಟರು. ಖಾರ ಇರಬೇಕು.’

‘ಸಾಮಾನು ತರಲು ದಾವಣಗೆರೆಗೆ ಹೋದವರು ಬರಿಗೈಯಲ್ಲಿ ಬಂದರು. ರೇಟು ಹೊಂದಲಿಲ್ಲವಂತೆ.’

‘ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡರು. ಬೆಲ್ಟು ಹಿಗ್ಗಿದೆ ಎಂದರು. ಇರಬಹುದು.’

ಇರಬಹುದು ಎಂದು ಬರೆದಿದ್ದೇನೆ! ಗಾದೆಮ್ಮ ಆಗಿದ್ದರೆ ಮಿರ್ಚಿಯ ದಿನವೇ ಬುಟ್ಟಿ ಇಳಿಸಿ ಹಿತ್ತಲಲ್ಲಿ ಕೂತುಬಿಡುತ್ತಿದ್ದಳು. ಅವಳಿಗೆ ಬುದ್ಧಿ ಕೊಟ್ಟವಳು ನಾನು. ಹಾಗಾದರೆ ಆ ಬುದ್ಧಿ ನನ್ನಲ್ಲಿ ಎಲ್ಲಿತ್ತು? ಬರೆಯುವಾಗ ಬಂದು, ಪೆನ್ನು ಮುಚ್ಚಿದ ಕೂಡಲೇ ಹೋಗುತ್ತಿತ್ತೇ? ನನಗೆ ತಿಳಿಯುವುದಿಲ್ಲ. ಬಲ್ಲವರು ಈ ಸಭೆಯಲ್ಲಿದ್ದರೆ ಹೇಳಬೇಕು.

ಇನ್ನೊಂದು ಉಳಿಯಿತು. ಹದಿಮೂರನೆಯ ದಿನ ಗವಿಸಿದ್ದೇಶ ಒಂದು ಮಾತು ನೆನಪಿಸಿಕೊಂಡ. ಎರಡನೆಯ ಸಲ ಆಸ್ಪತ್ರೆಯಿಂದ ಬರುವಾಗ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನು, “ಅತ್ತಿಗಿಗೆ ಹೇಳಿಯೋ ಇಲ್ಲೋ?” ಎಂದು ಅಣ್ಣನನ್ನು ಕೇಳಿದನಂತೆ. ಅದಕ್ಕೆ ಇವರು, “ಆಕೀ ಪುಸ್ತಕ ನಡುವ ಐತಲೇ. ಕೊನಿ ಗೊತ್ತಾದ್ರ ಆಕಿಗೆ ಕೈ ಬರಂಗಿಲ್ಲ. ಮುಗೀಲಿ, ಮುಗಿದ ದಿನ ಹೇಳ್ತೀನಿ” ಎಂದರಂತೆ.

ಸಭಿಕರೇ, ಇದನ್ನು ನಾನು ಹದಿನೈದು ತಿಂಗಳಿಂದ ಕೂಡಿಸಿ ಕಳೆದು ನೋಡುತ್ತಿದ್ದೇನೆ. ಪುಸ್ತಕ ಮುಗಿಯಲಿ ಎಂದು ಅವರು ಕಾದರು. ಮಷೀನು ನಿಲ್ಲಲಿ ಎಂದು ನಾನು ಕಾದೆ. ಬಟ್ಟಲು ಮುಗಿಯುವವರೆಗೆ ಅವರು ಮಷೀನು ನಿಲ್ಲಿಸುವ ಹಾಗಿರಲಿಲ್ಲ. ಮಷೀನು ನಿಲ್ಲುವವರೆಗೆ ನಾನು ಮುಂದಕ್ಕೆ ಬರೆಯುವ ಹಾಗಿರಲಿಲ್ಲ. ಒಂದೇ ಗಲ್ಲೆಯ ಆಚೆ ಈಚೆ, ಒಂದು ಮೊಳ ದೂರದಲ್ಲಿ, ಮೂರು ತಿಂಗಳು. ಇದರಲ್ಲಿ ತಪ್ಪು ಯಾರದು? ಏಳು ಪುಸ್ತಕದಲ್ಲಿ ಏಳು ಕಳ್ಳರನ್ನು ಹಿಡಿದವಳು ನಾನು. ಇಲ್ಲಿ ಯಾರನ್ನು ಹಿಡಿಯಲಿ?

ಪುಸ್ತಕವನ್ನು ಆಮೇಲೆ ಮುಗಿಸಿದೆ. ನಿಮಗೆ ಗೊತ್ತಿದೆ, ಚಿಗಟೇರಿಯ ಆ ಮನೆಯಲ್ಲಿ ಒಂದೊಂದೇ ಸಾಮಾನು ಕಾಣೆಯಾಗುತ್ತದೆ. ಸಣ್ಣ ಸೊಸೆಯ ಮೇಲೆ ಅನುಮಾನ. ಕೊನೆಗೆ ನೋಡಿದರೆ ಒಯ್ದವನು ಮನೆಯ ಯಜಮಾನನೇ. ತಾನು ಹೋದ ಮೇಲೆ ಯಾರಿಗೂ ತೊಂದರೆ ಆಗಬಾರದೆಂದು ಅವರವರಿಗೆ ಸೇರಬೇಕಾದದ್ದನ್ನು ಸುಮ್ಮನೆ ಮುಟ್ಟಿಸುತ್ತಿರುತ್ತಾನೆ. ‘ಯಾರೂ ಊಹಿಸಲಾಗದ ಅಂತ್ಯ, ಅದ್ಭುತ ಕಲ್ಪನೆ’ ಎಂದು ಸನ್ಮಾನ ಪತ್ರದಲ್ಲಿದೆ. ಊಹಿಸಲಾಗದ್ದು ನಿಜ. ಕಲ್ಪನೆ ಅಲ್ಲ.

ಈಗ ಆ ವಿನಂತಿ. ಸಂಗೀತಾ ಅವರೇ, ಶಾಲು ತೆಗೆದುಕೊಳ್ಳುತ್ತೇನೆ, ಹಣ್ಣಿನ ಬುಟ್ಟಿಯನ್ನೂ ತೆಗೆದುಕೊಳ್ಳುತ್ತೇನೆ. ಪತ್ರದ ಮೂರನೆಯ ಸಾಲಿನಲ್ಲಿ ‘ಯಾವ ಸುಳಿವೂ ಕಣ್ತಪ್ಪದ ಲೇಖಕಿ’ ಎಂದು ಬರೆಸಿದ್ದೀರಿ. ಪ್ರೀತಿಯಿಂದ ಬರೆಸಿದ್ದೀರಿ. ಆ ಸಾಲಿರುವ ಪತ್ರವನ್ನು ನಾನು ಮನೆಗೆ ಒಯ್ದು ಅವರ ಫೋಟೋದ ಪಕ್ಕದಲ್ಲಿ ತೂಗುಹಾಕಲಾರೆ. ದಯವಿಟ್ಟು ಆ ಸಾಲು ತೆಗೆಸಿಕೊಡಿ. ಬೇರೆ ಏನೂ ಬರೆಸಬೇಡಿ. ಜಾಗ ಖಾಲಿ ಇರಲಿ. ನಾವು ಹಂಚಿದ ಬಟ್ಟಲುಗಳಲ್ಲೂ ಒಂದು ಜಾಗ ಖಾಲಿ ಇದೆ. ಗಣಾರಾಧನೆಗೆ ಬಂದಿದ್ದವರು ಮನೆಗೆ ಹೋಗಿ ತಿರುಗಿಸಿ ನೋಡಿ. ತಾರೀಖು ಮರೆತಿದ್ದಾರೆ ಎಂದು ಕೆಲವರು ಹೇಳಿಕಳಿಸಿದ್ದರು. ಮಷೀನು ಹಿಡಿಯುವುದನ್ನು ಈಗ ನಾನೂ ಕಲಿತಿದ್ದೇನೆ, ನಮ್ಮ ಮನೆಯ ಬಟ್ಟಲಿಗಾದರೂ ಹಾಕೋಣವೆಂದು ‘ತಾ’ ಮುಂದೆ ಸೂಜಿ ಇಟ್ಟು ಎಷ್ಟೋ ಸಲ ಕೂತಿದ್ದೇನೆ. ಆಗಿಲ್ಲ.

ಹತ್ತು ನಿಮಿಷ ಎಂದಿದ್ದರು, ನಾನು ಬಹಳ ಹೊತ್ತು ತೆಗೆದುಕೊಂಡೆ. ಅಧ್ಯಕ್ಷರು ಗಂಟೆ ಒತ್ತಲಿಲ್ಲ. ನೀವು ಯಾರೂ ಎದ್ದು ಹೋಗಲಿಲ್ಲ. ಈಗ ನೋಡಿದರೆ ಸಭೆಯಲ್ಲಿ ಒಂದು ಕುರ್ಚಿಯ ಸದ್ದೂ ಇಲ್ಲ. ಮೊದಲಾಗಿದ್ದರೆ, ಸದ್ದು ನಿಂತಿತು, ಅಧ್ಯಾಯ ಚೆನ್ನಾಗಿದೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಸದ್ದು ನಿಂತರೆ ಏನರ್ಥ, ನಿಲ್ಲದಿದ್ದರೆ ಏನರ್ಥ ಎನ್ನುವುದು ಈಗ ನನಗೆ ತಿಳಿಯುವುದಿಲ್ಲ.

ಕರೆದವರಿಗೆ, ಕೇಳಿದವರಿಗೆ, ಶ್ರಾವಣದಿಂದ ಕಾರ್ತಿಕದವರೆಗೆ ಒಂದೇ ಅಧ್ಯಾಯವನ್ನು ನಾಲ್ಕು ಸಲ ಕೇಳಿದವರಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.