ಚಂದ್ರಿ ಎಮ್ಮೆಯ ಕಿವಿ ಗಡಿ ದಾಟದೆ ಹೋದ ಬಗ್ಗೆ

ಗುಂಡಮ್ಮ ಗಂಡ ದಿವಂಗತ ಸಾಯಬಣ್ಣ, ವಯಸ್ಸು ಸುಮಾರು 52 ವರ್ಷ, ಉದ್ಯೋಗ ಎಮ್ಮೆ ಸಾಕಣೆ ಮತ್ತು ಹಾಲು ಮಾರಾಟ, ಸಾಕಿನ್ ಗೌಡನೂರ, ತಾಲೂಕಾ ಚಿಂಚೋಳಿ, ಜಿಲ್ಲಾ ಗುಲಬರ್ಗಾ. ಇಂದು ನಾನೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನನಗೆ ಚಂದ್ರಿ ಮತ್ತು ಮೋತಿ ಎಂಬ ಎರಡು ಎಮ್ಮೆಗಳಿದ್ದವು. ಗಂಡ ತೀರಿದ ಮೇಲೆ ನನ್ನ ಹೊಟ್ಟೆ ನಡೆದದ್ದು ಇವುಗಳಿಂದಲೇ. ಈ ಆಷಾಢದಲ್ಲಿ ನಮ್ಮ ಊರಿನ ದನಗಳಿಗೆ ಬೇನೆ ಬಂತು. ಜ್ವರ ಬರುತ್ತದೆ, ಗಂಟಲು ಬಾಯುತ್ತದೆ, ಮರುದಿನ ದನ ಇರುವುದಿಲ್ಲ. ಪಶು ಡಾಕ್ಟರ್ ರಾಮಲಿಂಗ ಸಾಹೇಬರು ಚಿಂಚೋಳಿಯಿಂದ ಬಂದು ನೋಡಿದರು. ತಮ್ಮಲ್ಲಿದ್ದ ಔಷಧ ಮುಗಿಯುವ ತನಕ ಚುಚ್ಚಿದರು. ಇದು ಗಂಟಲುಬೇನೆಯೋ ನೆರಡಿ ರೋಗವೋ ಕಣ್ಣಿಂದ ನೋಡಿ ಹೇಳಲಾಗದು, ಎರಡಕ್ಕೂ ಲಸಿಕೆ ಬೇರೆ ಬೇರೆ, ಒಂದರ ಲಸಿಕೆ ಇನ್ನೊಂದಕ್ಕೆ ನೀರು ಚುಚ್ಚಿದ ಹಾಗೆ ಎಂದು ತಿಳಿಸಿದರು. ಈಗ ತಾನೇ ಸತ್ತ ದನದ ಕಿವಿಯ ತುದಿಯನ್ನು ಬರ್ಫದಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕೆಂದೂ, ನಮ್ಮ ರಾಜ್ಯದ ಪರೀಕ್ಷೆಯ ಜಾಗ ದೂರವಾದ್ದರಿಂದ ಅಲ್ಲಿಗೆ ಮುಟ್ಟುವುದರೊಳಗೆ ಕೊಳೆತು ಹೋಗುವುದೆಂದೂ ಹೇಳಿದರು. ಆದ್ದರಿಂದ ಆಂಧ್ರದ ಕಡೆಯ ಪಶು ಡಾಕ್ಟರರೊಂದಿಗೆ ಅವರು ಮಾತಾಡಿಕೊಂಡಿದ್ದರು. ಈ ಕಡೆಯ ಕಿವಿಯನ್ನು ಆ ಕಡೆಯವರು ತಾಂಡೂರಿನಿಂದ ರೈಲಿಗೆ ಹಾಕಿ ಪರೀಕ್ಷೆ ಮಾಡಿಸುವುದು, ಏನೆಂದು ತಿಳಿದರೆ ಲಸಿಕೆಯನ್ನು ಎರಡೂ ಕಡೆ ಹಂಚಿಕೊಳ್ಳುವುದು ಎಂದು ಮಾತಾಗಿತ್ತು. ಒಳ್ಳೆಯ ಮಾತು. ಇಷ್ಟು ವರ್ಷದಲ್ಲಿ ಸರ್ಕಾರದವರ ಬಾಯಿಂದ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ದಿನಾಂಕ 6-7-1974, ಶನಿವಾರ ಬೆಳಗಿನ ಜಾವ ಚಂದ್ರಿ ಸತ್ತಿತು. ಅತ್ತೆನು. ಅತ್ತು ಮುಗಿಸಿ ಡಾಕ್ಟರಿಗೆ ಹೇಳಿ ಕಳಿಸಿದೆನು. ಅವರು ಬಂದು ಚರ್ಮ ಸುಲಿಯಬಾರದೆಂದು ತಾಕೀತು ಮಾಡಿ ಕಿವಿಯ ತುದಿ ಕತ್ತರಿಸಿದರು. ಮನೆಯ ಲಕ್ಷ್ಮಿಯ ಕಿವಿ ಕೊಯ್ಯಿಸುತ್ತೀಯಾ ಎಂದು ಓಣಿಯವರು ಬೈದರು. ಸತ್ತದ್ದರ ಕಿವಿಯಿಂದ ಬದುಕಿದ್ದು ಉಳಿಯುವುದಾದರೆ ಎರಡೂ ಕಿವಿ ಒಯ್ಯಿರಿ ಎಂದು ಡಾಕ್ಟರಿಗೆ ಹೇಳಿದೆನು. ಮೋತಿಯನ್ನು ಪಕ್ಕದ ಗೂಟಕ್ಕೇ ಕಟ್ಟಿದ್ದೆನು.

ನಮ್ಮ ಊರಿನ ಟಾಂಗಾದ ಅಬ್ದುಲ್ ಮಜೀದ ಚಿಂಚೋಳಿಯಿಂದ ಬರ್ಫ ತಂದಿದ್ದನು. ಕಿವಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬರ್ಫ ಮತ್ತು ಹೊಟ್ಟು ತುಂಬಿದ ಕಟ್ಟಿಗೆ ಪೆಟ್ಟಿಗೆಯಲ್ಲಿ ಇಟ್ಟೆವು. ಅಪಾಯದ ವಸ್ತುವಿಗೆ ಕೆಂಪು ಬಟ್ಟೆ ಕಟ್ಟಬೇಕೆಂದು ಡಾಕ್ಟರು ಹೇಳಿದ್ದರಿಂದ, ಟ್ರಂಕಿನಲ್ಲಿದ್ದ ಹೊಸ ಕೆಂಪು ಖಣ ತೆಗೆದು ಕಟ್ಟಿದೆನು. ನೊಣ ಮುತ್ತಬಾರದೆಂದು ಸುತ್ತ ಬೇವಿನ ಸೊಪ್ಪು ಸಿಗಿಸಿದೆನು. ನೋಡಿದವರು ಯಾರೂ ಏನೂ ಅನ್ನಲಿಲ್ಲ.

ಪೆಟ್ಟಿಗೆಯನ್ನು ತಾವೇ ಒಯ್ಯಲು ಡಾಕ್ಟರಿಗೆ ಆಗಲಿಲ್ಲ. ಸರ್ಕಾರಿ ನೌಕರ ಅಪ್ಪಣೆ ಇಲ್ಲದೆ ರಾಜ್ಯ ದಾಟಬಾರದಂತೆ. ಕೇಳಿ ಬರೆದಿದ್ದರು, ಮೇಲಿನಿಂದ ಉತ್ತರ ಬಂದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. "ನಿಮಗ ಆರ್ಡರ್ ಬೇಕು, ಬ್ಯಾನಿಗಿ ಬ್ಯಾಡೇನ್ರೀ ಸಾಹೇಬ್ರ?" ಎಂದು ಕೇಳಿದೆನು. ನಾನೇ ಮಜೀದನ ಟಾಂಗಾದಲ್ಲಿ ಕುಳಿತು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟೆನು.

ಬೆಳಗ್ಗೆ ಹತ್ತೂವರೆ ಸುಮಾರಿಗೆ ಗಡಿಕಲ್ಲು ಮುಟ್ಟಿದೆವು. ಆ ಕಡೆಯ ಡಾಕ್ಟರು ಹನ್ನೊಂದಕ್ಕೆ ಜೀಪಿನಲ್ಲಿ ಅಲ್ಲಿಗೇ ಬರಬೇಕಿತ್ತು. ಮಜೀದ ಕುದುರೆಗೆ ನೀರು ಕುಡಿಸಲು ಹಳ್ಳದ ಮೇಲ್ಗಡೆ ಹೋದನು. ನಾನು ಪೆಟ್ಟಿಗೆಯನ್ನು ಕಲ್ಲಿನ ಬುಡದಲ್ಲಿ ನೆರಳಿಗಿಟ್ಟು ಕುಳಿತೆನು.

ಆಗ ಆ ಕಡೆಯ ಪೋಚಾರ ಊರಿನ ಖಂಡೆಪ್ಪ ಎಂಬವನು ಐದಾರು ಜನರೊಂದಿಗೆ ಕೋಲು ಹಿಡಿದು ಬಂದನು. ಅವರ ಊರಿಗೆ ಇನ್ನೂ ಬೇನೆ ಬಂದಿರಲಿಲ್ಲ. ಬರಬಾರದೆಂದು ಸೀಮೆ ಕಾಯುತ್ತಿದ್ದರು. ನಮ್ಮ ಕಡೆಯ ರೂಢಿ ಠಾಣೆಯವರಿಗೂ ಗೊತ್ತು. ದನಕ್ಕೆ ದೊಡ್ಡ ಬೇನೆ ಬಂದರೆ ಬೇನೆಯ ದೇವಿ ಮರಗಮ್ಮನನ್ನು ಬುಟ್ಟಿಯಲ್ಲಿ ಕೂಡಿಸಿ, ಕೆಂಪು ಖಣ ಹೊದಿಸಿ, ಬೇವು ಸಿಗಿಸಿ, ಊರ ಗಡಿ ದಾಟಿಸಿ ಬರುತ್ತಾರೆ. ಬುಟ್ಟಿ ಯಾರ ಸೀಮೆಯಲ್ಲಿ ಇಳಿಯಿತೋ ಬೇನೆ ಅವರದು. ನಾನು ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಖಣ ಕಟ್ಟುವಾಗ ನನಗೆ ಹೊಳೆಯಲಿಲ್ಲ. ಆಗ ತಲೆಯಲ್ಲಿ ಮೋತಿಯ ಹೊರತು ಬೇರೇನೂ ಇರಲಿಲ್ಲ.

ಖಂಡೆಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಮೊದಲು ಪೆಟ್ಟಿಗೆಗೆ ಕೈ ಮುಗಿದನು. ಆಮೇಲೆ "ಅಕ್ಕಾ, ನಿಮ್ಮೂರ ಅಮ್ಮನ್ನ ತಂದು ನಮ್ಮ ಸೀಮ್ಯಾಗ ಯಾಕ ಇಡ್ಲಿಕತ್ತಿ? ನಮಗೂ ದನಾ ಅವ" ಎಂದು ಕೇಳಿದನು. ಇದು ಅಮ್ಮನಲ್ಲ, ಡಾಕ್ಟರರ ಪೆಟ್ಟಿಗೆ, ಇದರಲ್ಲಿ ಸತ್ತ ಎಮ್ಮೆಯ ಕಿವಿ ಇದೆ ಎಂದು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆನು. ಕಿವಿ ಎಂದ ಕೂಡಲೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಗಂಟು ಬಿಚ್ಚಿ ಡಬ್ಬಿ ತೆರೆದು ನೋಡಿದ ಮೇಲಂತೂ ಇದು ಅಮ್ಮನೇ ಎಂದು ಅವರಿಗೆ ಖಾತ್ರಿಯಾಯಿತು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಬಿದ್ದೆನು. ಇಬ್ಬರು ನನ್ನ ತೋಳು ಹಿಡಿದು, ನೋಯದ ಹಾಗೆ, ಪಕ್ಕಕ್ಕೆ ಕೂಡಿಸಿದರು. ಅಮ್ಮನನ್ನು ಸುಡುವಂತಿಲ್ಲ, ಹೂಳುವಂತಿಲ್ಲ, ಬಂದ ದಾರಿಗೆ ಕಳಿಸಬೇಕು ಎಂದು ಖಂಡೆಪ್ಪ ಹೇಳಿ, ತಪ್ಪಾಯ್ತವ್ವಾ ಎಂದು ಮಣಿದು, ತೆರೆದ ಡಬ್ಬಿಯ ಸಮೇತ ಪೆಟ್ಟಿಗೆಯನ್ನು ಹಳ್ಳಕ್ಕೆ ಬಿಟ್ಟನು. ಆ ಹಳ್ಳ ಹರಿಯುವುದು ನಮ್ಮ ಊರಿನ ಕಡೆಗೆ. ನಮ್ಮ ದನ ಕುಡಿಯುವುದು ಅದೇ ನೀರು.

ನನ್ನ ಕೂಗು ಕೇಳಿ ಮಜೀದ ಓಡಿ ಬರುವುದರೊಳಗೆ ಅವರು ಹೋಗಿದ್ದರು. ಜೀಪು ಹನ್ನೊಂದೂಕಾಲಿಗೆ ಬಂತು. ಆ ಕಡೆಯ ಡಾಕ್ಟರು ಪ್ಯಾಂಟು ಮಡಚಿ ಹಳ್ಳಕ್ಕಿಳಿದು ಮಜೀದನ ಜೊತೆ ಬಹಳ ಹೊತ್ತು ಹುಡುಕಿದರು. ಕೆಂಪು ಖಣ ಒಂದು ಜಾಲಿಯ ಕಂಟಿಗೆ ಸಿಕ್ಕಿತ್ತು. ಕಿವಿ ಸಿಗಲಿಲ್ಲ. ಯಾವ ಬೇನೆ ಎಂದು ತಿಳಿಯದೆ ಬೇರೆ ರಾಜ್ಯಕ್ಕೆ ಲಸಿಕೆ ಕೊಡಲು ತಮ್ಮ ಮೇಲಿನವರು ಒಪ್ಪುವುದಿಲ್ಲವೆಂದು ಅವರು ತೆಲುಗಿನಲ್ಲಿ ಹೇಳಿ ನನ್ನ ಮುಂದೆ ಕೈ ಮುಗಿದರು. ಒಂದೇ ದಿನದಲ್ಲಿ ನನಗೂ ನನ್ನ ಪೆಟ್ಟಿಗೆಗೂ ಎಷ್ಟೊಂದು ಜನ ಕೈ ಮುಗಿದರು.

ಭಾನುವಾರ ಆ ಕಡೆಯ ಠಾಣೆಗೆ ಹೋದೆನು. ಪೆಟ್ಟಿಗೆ ಕರ್ನಾಟಕದ್ದು, ಅಲ್ಲಿಯೇ ಹೇಳಿ ಎಂದರು. ಇಂದು ಇಲ್ಲಿ ಬಂದರೆ, ಖಂಡೆಪ್ಪ ನಿಂತದ್ದು ಕಲ್ಲಿನ ಯಾವ ಕಡೆ ಎಂದು ಕೇಳುತ್ತೀರಿ. ನಾನು ಕುಳಿತದ್ದು ಈ ಕಡೆ, ಅವನು ನಿಂತದ್ದು ಆ ಕಡೆ, ಪೆಟ್ಟಿಗೆ ನಡುವೆ ಇತ್ತು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಖಂಡೆಪ್ಪನನ್ನು ಹಿಡಿದು ತರಬೇಕೆಂಬ ಇಚ್ಛೆ ನನಗಿಲ್ಲ. ತನ್ನ ದನ ಉಳಿಸಿಕೊಳ್ಳಲು ಅವನು ಕೋಲು ಹಿಡಿದನು, ನಾನು ಪೆಟ್ಟಿಗೆ ಹಿಡಿದೆನು. ನಮ್ಮ ಡಾಕ್ಟರಿಗೆ ಒಂದು ಸಲ ಆ ಕಲ್ಲು ದಾಟಲು ಅಪ್ಪಣೆ ಕೊಡಿಸಿರಿ ಎಂಬುದೊಂದೇ ನನ್ನ ಅರಿಕೆ. ಅದು ಪೊಲೀಸರ ಕೆಲಸವಲ್ಲ ಎಂದು ಹೇಳಿದಿರಿ. ಅದನ್ನೂ ಬರೆದುಕೊಳ್ಳಿರಿ.

ಬದುಕಿರುವ ದನದ ರಕ್ತದಲ್ಲಿ ಬೇನೆ ಸಿಕ್ಕೇ ಸಿಗುವ ನಂಬಿಕೆ ಇಲ್ಲ, ಮತ್ತೆ ಕಳಿಸಲು ಹೊಸದಾಗಿ ಸತ್ತ ದನವೇ ಬೇಕು ಎಂದು ರಾಮಲಿಂಗ ಸಾಹೇಬರು ಹೇಳಿದ್ದಾರೆ. ಹಳ್ಳದ ಸುದ್ದಿ ಕೇಳಿದ ಮೇಲೆ ಊರಿನಲ್ಲಿ ಬೇರೆ ಯಾರೂ ತಮ್ಮ ದನ ಮುಟ್ಟಗೊಡುತ್ತಿಲ್ಲ. ನಿನ್ನೆ ಸಂಜೆಯಿಂದ ಮೋತಿ ಮೇವು ಮುಟ್ಟಿಲ್ಲ. ಇಂದು ಬೆಳಗ್ಗೆ ಗಂಟಲು ಬಾತಿದೆ. ಡಾಕ್ಟರು ಇನ್ನೊಂದು ಪೆಟ್ಟಿಗೆ ಸಿದ್ಧ ಮಾಡಿಕೊಂಡು ನನ್ನ ಅಂಗಳದಲ್ಲಿ ಕುಳಿತಿದ್ದಾರೆ. ಮಜೀದ ಬರ್ಫ ತರಲು ಹೋಗಿದ್ದಾನೆ. ಈ ಸಲ ಬಿಳಿ ಬಟ್ಟೆ ಕಟ್ಟೋಣವೆಂದು ಹೇಳಿ ಬಂದಿದ್ದೇನೆ. ನಾನು ಹೊರಡುವಾಗ ಮೋತಿ ಕತ್ತೆತ್ತಿ ನನ್ನನ್ನು ನೋಡಿತು.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಸುಳ್ಳಿಲ್ಲ. ಬೇಗ ಹೆಬ್ಬೆಟ್ಟು ಒತ್ತಿಸಿಕೊಂಡು ನನ್ನನ್ನು ಬಿಡಬೇಕು. ಬರ್ಫ ಬಹಳ ಹೊತ್ತು ನಿಲ್ಲುವುದಿಲ್ಲ.

ಸ್ಥಳ: ಚಿಂಚೋಳಿ
ದಿನಾಂಕ: 8-7-1974
ಗುಂಡಮ್ಮ ಇವಳ ಎಡಗೈ ಹೆಬ್ಬೆಟ್ಟಿನ ಗುರುತು