ಶಾಲಿನ ಕೆಳಗಿನ ಗಂಟು

ನಾರಿನ್ ನದಿಯ ದಡದ ಊರೊಂದರ ಆಸ್ಪತ್ರೆಯಲ್ಲಿ, ಮಂಡಿನೋವಿನ ಬುರುಲ್ಚಾ ಬೆಳಗಿನಿಂದ ಕಾದು ಕಾದು, ಅಂತೂ ಮುಂದಿನ ಸರದಿ ತನ್ನದೇ ಎನ್ನುವ ಹೊತ್ತಿಗೆ, ಹಿಂದಿನ ಬೆಂಚಿನ ಅತ್ತೆ ಸೊಸೆಯರ ಪಿಸುಮಾತು ಅವಳ ಕಿವಿಗೆ ಬಿತ್ತು.

“ಅತ್ತೆ, ಶಾಲಿನ ಕೆಳಗೆ ಏನದು?”

“ಕುದುರೆ ಮಾಂಸ ಕಣೇ. ಡಾಕ್ಟರಿಗೆ.”

“ಇದನ್ನೇ ಲಂಚ ಅನ್ನೋದು.”

“ಬಾಯ್ಮುಚ್ಚು! ಔತಣದಲ್ಲಿ ಗೌರವಕ್ಕೆ ಅಂತ ಹಿರಿಯರ ತಟ್ಟೆಗೆ ಮಾಂಸದ ಸೊಂಟದ ಮೂಳೆ ಇಡ್ತೀವಲ್ಲ, ಅದೂ ಲಂಚಾನಾ?”

“ಅದನ್ನ ಎಲ್ಲರೆದುರಿಗೇ ಇಡ್ತೀವಿ. ಇದನ್ನ ಯಾಕೆ ಮುಚ್ಚಿಟ್ಕೊಂಡಿದ್ದೀರಿ?”

“ಕಾಲೇಜಲ್ಲಿ ಇದನ್ನೇ ಪಾಠ ಮಾಡ್ತೀಯೇನು?”

“ಹೂಂ. ಲಂಚ ಕಡಿಮೆ ಇರೋ ದೇಶಗಳೇ ಹೆಚ್ಚಾಗಿ ಶ್ರೀಮಂತವಾಗಿರೋದು ಅಂತ.”

“ಅಲ್ಲಿ ಡಾಕ್ಟರ ಸಂಬಳ ಮನೆಗೆ ಸಾಲುತ್ತೆ, ಅದಕ್ಕೇ ಕೈ ಚಾಚಲ್ಲ. ಮೊದಲು ದುಡ್ಡು ಬಂತೋ, ನಿಯತ್ತು ಬಂತೋ? ಹೇಳು ನೋಡೋಣ.”

“ಅದು ನನಗೂ ಸರಿಯಾಗಿ ಗೊತ್ತಿಲ್ಲ ಅತ್ತೆ.”

“ಮತ್ತೆ! ಯಾರಿಗೂ ನಷ್ಟ ಆಗದೇ ಇರೋದು ಲಂಚ ಹೇಗಾಗುತ್ತೆ?”

ಮುದುಕಿಯ ಮಾತೇ ಸರಿ ಎಂದು ಬುರುಲ್ಚಾ ತನಗರಿವಿಲ್ಲದೆ ತಲೆಯಾಡಿಸಿದಳು.

ಡಾಕ್ಟರ ಕೋಣೆಯ ಬಾಗಿಲು ತೆರೆದ ನರ್ಸಮ್ಮನ ಕಣ್ಣು ಶಾಲಿನ ಉಬ್ಬಿನ ಮೇಲೆ ನಿಂತಿತು. “ಅಜ್ಜಿ, ನೀವು ಬನ್ನಿ ಒಳಗೆ.”

ಅತ್ತೆ ಎದ್ದಳು. ಬುರುಲ್ಚಾಳ ಮುಖ ನೋಡಲಾಗದೆ ಸೊಸೆ ತಲೆ ತಗ್ಗಿಸಿ ಹಿಂದೆಯೇ ನಡೆದಳು. ಬಾಗಿಲು ಮುಚ್ಚಿಕೊಂಡಿತು.

ಬುರುಲ್ಚಾ ಕೆಂಡವಾದಳು. ಮರುಕ್ಷಣ, ಡಾಕ್ಟರಿಗೆಂದೇ ತಾನು ಚೀಲದ ತಳದಲ್ಲಿಟ್ಟುಕೊಂಡು ಬಂದಿದ್ದ ಬೆಣ್ಣೆಯ ಡಬ್ಬಿ ನೆನಪಾಯಿತು. ಸರದಿಯಲ್ಲಿ ತನ್ನ ಹಿಂದೆ ಕೂತವರ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.