ಅವ್ವಾ, ಗುಳಿಗಿ ತಗೊಂಡಿ?

ಅಪ್ಪಾ ಶರಣಬಸವಾ, ಮಾತಿಗೆ ಮೊದಲು ನಿನ್ನ ಪಾದಕ್ಕ ಶರಣು. ಕೆಟ್ಟು ನಿಂತದ್ದನ್ನ ಮತ್ತ ಎಬ್ಬಿಸೋ ಕೈ ನಿಂದು, ನಂದಲ್ಲ...

ಹಾಂ, ಏನಂದಿ ಅವ್ವಾ? ಇಲ್ಲ, ಸುಟ್ಟಿಲ್ಲ! ಬೋರ್ಡಿಗೆ ಏನೂ ಆಗಿಲ್ಲ. ಸತ್ತದ್ದು ಮೆಮೊರಿ ಕಾರ್ಡು. ಎರಡು ವರ್ಷ ದುಡಿದು ಸವೆದದ ಅಂದ್ರು ಅಹ್ಮದ್ ಪಾಷಾ ಅಣ್ಣ. ನಮ್ಮ ತಮ್ಮ ಬಸು ಅವರ ರಿಪೇರಿ ಅಂಗಡ್ಯಾಗೇ ಕೂತು, ದಿನಾ ಗುಳಿಗಿ ನೆನಪು ಮಾಡ್ಲಿ ಅಂತ ಈ ಅಂಗೈಯಷ್ಟು ಕಂಪ್ಯೂಟರ್ ನಿನಗಂತ ಕಟ್ಟಿದ್ನಲ್ಲ, ಅವರಿಗೆ ಗೊತ್ತಿರಲ್ದೇನು? "ಕಾರ್ಡ್ ಬಿಡು ಸಾಯಬಣ್ಣ, ಹೊರಗಿನ ಡಿಸ್ಕಿಂದ ಶುರು ಮಾಡ್ಸು" ಅಂದ್ರು.

ಯಾಕ ನಗ್ತಿ? ಇಂದಿರಾನಗರದಾಗ ಗೋಡೆ ಕಟ್ಟೋ ಗೌಂಡಿಗೆ ಇದೆಲ್ಲ ಬರ್ತದೇನು ಅಂತ? ಕಲ್ತೀನಿ ಬಿಡಬೇ! ಮೂರು ದಿನ ಬರೇ ಕೆಂಪು ಲೈಟು. ಹಸಿರು ಮಿಣಕ್ ಅನ್ನಲಿಲ್ಲ. ಕಾರ್ಡ್ ತೆಗೆದಿಟ್ರೂ ಅದು ಕಾರ್ಡನ್ನೇ ಹುಡುಕೂದು... ಇಲ್ಲದ್ದನ್ನೇ ಹುಡುಕೂದು. ಮೊದಲು ಡಿಸ್ಕ್ ನೋಡು ಅಂತ ಅದಕ್ಕ ಹೇಳಿಕೊಡಬೇಕಾತು. ಆಮ್ಯಾಲ ಡಿಸ್ಕಿಗೆ ಕರೆಂಟ್ ಸಾಲವಲ್ದು, ಅದಕ್ಕೊಂದು ಬ್ಯಾರೆ ವಾಯರು...

ಹೂಂ, ಅದೇ ಡಿಸ್ಕು. ಬಸುನ ಟ್ರಂಕಿನಾಗಿಂದು. ಅವನ ದನಿ ಅದರಾಗೇ ಇತ್ತು... ಅದ! ಅದ ಅಂದೆ.

ಇಗೋ, ಆರೂವರಿ ಆತು, ಅದು ದಿನಾ ಕೇಳೂ ಹೊತ್ತು. ಹಸಿರು ಬಂತು! ಸುಮ್ನಿರು, ಕೇಳು...

"ಅವ್ವಾ, ಗುಳಿಗಿ ತಗೊಂಡಿ?"

ಕೇಳಿದಿಲ್ಲ! ಅವನೇ! ಈಗ ನೀ ಅನ್ನು. ದಿನಾ "ತಗೊಂಡೆನಪ್ಪಾ ಬಸು" ಅಂತಿದ್ದಿ. ಅವ ತೀರಿಹೋಗಿ ವರ್ಷಾತು, ಇದು ಕೆಟ್ಟ ಮೂರು ದಿನ ಬಿಟ್ರ ಒಂದಿನ ತಪ್ಪಿಸಿಲ್ಲ. ಅನ್ನು...

ಅವ್ವಾ? ಗುಳಿಗಿ ಅಂಗೈಯಾಗೇ ಅದಲ್ಲ. ಕಂಪ್ಯೂಟರ್ ಕಡೆ ನೋಡಬೇ... ನನ್ನ ಬಾಯಿ ಕಡೆ ಯಾಕ ನೋಡ್ತಿ?

...

ಡಿಸ್ಕ್ ಹಚ್ಚಿದಾಗ ಅಳಸಲೇನು ಅಂತ ಕೇಳ್ತವ್ವಾ ಈ ಕಂಪ್ಯೂಟರ್. ಡಿಸ್ಕಿನಾಗಿಂದೆಲ್ಲ ಅಳಸಲೇನು ಅಂತ. ಮೊದಲು ನಕಲು ತೆಗೆದಿಡು ಅಂದಿದ್ರು ಪಾಷಾ ಅಣ್ಣ. ನಾ ಅವಸರದಾಗ ಹೂಂ ಒತ್ತಿಬಿಟ್ಟೆ. ಒಂದೇ ನಿಮಿಷ, ಅವನ ದನಿ ಎಲ್ಲಾ ಹೋತು... ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಾಗ ನಿಂತು, ಫೋನಿಗೆ ಬಾಯಿ ಹಚ್ಚಿ, ಅವನಂಗ ಆ ಮಾತು ನಾನೇ ಅಂದು ತುಂಬಿದೆ. ಇಪ್ಪತ್ತು ಸಲ ಅಂದೆ. ಕೊನೀ ಸಲ... ದೇವರಾಣಿ ಅವ್ವಾ, ನನ್ನ ಗಂಟಲಾಗ ಅವ ಬಂದು ನಿಂತಂಗಾತು. ಹಿಂದ ತಿರುಗಿ ನೋಡಿದೆ.

ಬೈಯೂದಾದ್ರ ಬೈ. ಹಿಂಗ ಕುಂದ್ರಬ್ಯಾಡ.

ಪ್ಲಗ್ ಕಿತ್ತೆ, ನೋಡು. ಈಗ ನಾ ಕೇಳ್ತೀನಿ. ಸಾಯಬಣ್ಣ ಕೇಳ್ತೀನಿ... ಅವ್ವಾ, ಗುಳಿಗಿ ತಗೊಂಡಿ?

ಹಾಂ... ನೀರು ಹಿಡಿ. ನಿಧಾನ.

ಶರಣಬಸವಾ, ಈ ತಾಯಿಗೂ, ಬಾಗಲಾಗ ನಿಂತು ಸೆರಗು ಕಣ್ಣಿಗೆ ಹಚ್ಚಿದ ಪಕ್ಕದ ಮನಿ ಕುಲ್ಸುಂ ಅಕ್ಕಗೂ, ಈ ಮಾತು ಕಿವಿಗೆ ಬಿದ್ದ ಎಲ್ಲಾರಿಗೂ ಒಳ್ಳೇದು ಮಾಡಪ್ಪಾ.